ಚೀನಾಕ್ಕೆ ಓದೋಕೆ ಹೊರಟಿದ್ದೀರಾ? ಮೊದಲು ಹೊಟ್ಟೆಗೂ ಮೊಲಕ್ಕೂ ವ್ಯತ್ಯಾಸ ಕಲೀರಿ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಅಡುಗೆಮನೇಲಿ ಅಮ್ಮನಿಗೂ ಕೇಳಿಸ್ಲಿ ಅಂತ ಸ್ಪೀಕರ್ ಆನ್ ಮಾಡಿರೋರಿಗೂ ಸ್ವಾಗತ. ಇವತ್ತು ಸ್ಪೀಕರ್ ಆನ್ ಇರೋದೇ ಒಳ್ಳೇದು. ಯಾಕಂದ್ರೆ ವಿಷಯ ಚೀನಾದಲ್ಲಿ ಓದೋದು. ಹೋಗೋರು ನೀವಾದ್ರೂ ದುಡ್ಡು ಕಟ್ಟೋರು ಅವರು, ಆರು ವರ್ಷ ಫೋನಿಗೆ ಕಾಯೋರೂ ಅವರೇ.

ಈ ವಿಷಯ ಮಾಡಿ ಅಂತ ಬಂದ ಮೆಸೇಜುಗಳನ್ನ ಓದ್ತಾ ಇದ್ದೆ. ಹೆಚ್ಚಿನವು ಬ್ಯಾಗಿನ ಪ್ರಶ್ನೆಗಳು. ಕುಕ್ಕರ್ ಒಯ್ಯಬಹುದಾ, ಉಪ್ಪಿನಕಾಯಿ ಬಿಡ್ತಾರಾ, ಎಷ್ಟು ಸ್ವೆಟರ್ ಬೇಕು. ಅದಕ್ಕೆಲ್ಲ ಕೊನೇಲಿ ಎರಡು ನಿಮಿಷ ಇಟ್ಟಿದ್ದೀನಿ. ಅದಕ್ಕೂ ಮೊದಲು ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿರೋ ಎರಡು ಪದದ ಬಗ್ಗೆ ಮಾತಾಡ್ಬೇಕು. 'ಇಂಗ್ಲಿಷ್ ಮೀಡಿಯಂ.' ಮನೆಯವರಿಗೆ ಧೈರ್ಯ ಕೊಡೋದು ಈ ಎರಡು ಪದ. ಅಲ್ಲಿ ಹೋದ ಮೇಲೆ ಮಕ್ಕಳನ್ನ ಕೈಬಿಡೋದೂ ಇವೇ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಕೋವಿಡ್‌ಗೆ ಮುಂಚೆ ಚೀನಾದ ಕಾಲೇಜುಗಳಲ್ಲಿ ಭಾರತದ ಸುಮಾರು 23,000 ವಿದ್ಯಾರ್ಥಿಗಳಿದ್ದರು, ಬಹುಪಾಲು ಎಂಬಿಬಿಎಸ್. 2020ರ ಶುರುವಿನಲ್ಲಿ ರಜೆಗೆ ಅಂತ ಊರಿಗೆ ಬಂದವರು ಅಲ್ಲೇ ಸಿಕ್ಕಿಹಾಕ್ಕೊಂಡ್ರು. ಚೀನಾ ಮತ್ತೆ ವೀಸಾ ಕೊಡೋಕೆ ಶುರು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ನಿಂತುಹೋಗಿದ್ದ ನೇರ ವಿಮಾನ ಮತ್ತೆ ಹಾರಿದ್ದು 2025ರ ಅಕ್ಟೋಬರ್ 26ಕ್ಕೆ, ಕೋಲ್ಕತ್ತಾದಿಂದ ಗುವಾಂಗ್‌ಝೌಗೆ. ಮುಂದಿನ ತಿಂಗಳು ದೆಹಲಿಯಿಂದಲೂ ಶುರುವಾಯ್ತು. ದಾರಿ ತೆರೆದ ತಕ್ಷಣ ಕನ್ಸಲ್ಟೆನ್ಸಿಗಳ ಬೋರ್ಡುಗಳೂ ಮತ್ತೆ ಹೊಳೀತಿವೆ. ಅದರಲ್ಲಿ ತಪ್ಪೇನಿಲ್ಲ, ಅವರ ವ್ಯಾಪಾರ ಅದು. ನಮ್ಮ ಕೆಲಸ ಬೋರ್ಡಿನ ಹಿಂದೆ ಏನಿದೆ ಅಂತ ನೋಡೋದು.

ಎಂಬಿಬಿಎಸ್ ಇಂಗ್ಲಿಷಿನಲ್ಲಿ ಕಲಿಸ್ತಾರೆ ಅನ್ನೋದು ನಿಜ. ಆದ್ರೆ ಎಲ್ಲಾ ಕಾಲೇಜಿಗೂ ಆ ಅನುಮತಿ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಒಂದು ದೊಡ್ಡ ಸೂಚನೆ ಹೊರಡಿಸ್ತು. ಇಂಗ್ಲಿಷಿನಲ್ಲಿ ವೈದ್ಯಕೀಯ ಕಲಿಸೋಕೆ ಚೀನಾ ಸರ್ಕಾರ ಗುರುತಿಸಿರೋದು 45 ಕಾಲೇಜು, ಅವನ್ನ ಬಿಟ್ಟು ಬೇರೆ ಕಡೆ ಸೇರಬೇಡಿ ಅಂತ ಅದರಲ್ಲಿತ್ತು. ಅದೇ ಸೂಚನೆಯಲ್ಲಿ ಇನ್ನೊಂದು ಮಾತೂ ಇತ್ತು, ಅದು ಬ್ರೋಷರ್‌ನಲ್ಲಿ ಬರಲ್ಲ. ಕ್ಲಿನಿಕಲ್ ಹಂತಕ್ಕೆ ಬರೋ ಹೊತ್ತಿಗೆ ಎಚ್‌ಎಸ್‌ಕೆ 4ನೇ ಹಂತದಷ್ಟು ಚೈನೀಸ್ ಕಲಿತಿರಬೇಕು, ಇಲ್ಲದಿದ್ರೆ ಡಿಗ್ರಿ ಸಿಗಲ್ಲ. ಎಚ್‌ಎಸ್‌ಕೆ ಅಂದ್ರೆ ಚೈನೀಸ್ ಭಾಷೆಯ ಅಧಿಕೃತ ಪರೀಕ್ಷೆ, ಇಂಗ್ಲಿಷಿಗೆ ಐಇಎಲ್‌ಟಿಎಸ್ ಇದ್ದ ಹಾಗೆ.

ಕಾರಣ ಸರಳ. ಪಾಠ ಮಾಡೋ ಮೇಷ್ಟ್ರು ಇಂಗ್ಲಿಷ್ ಮಾತಾಡ್ತಾರೆ, ವಾರ್ಡಿನಲ್ಲಿ ಮಲಗಿರೋ ಅಜ್ಜಿ ಮಾತಾಡಲ್ಲ. ಕೇಸ್ ಶೀಟ್ ಚೈನೀಸಿನಲ್ಲಿರುತ್ತೆ, ನರ್ಸ್ ಮಾತಾಡೋದು ಚೈನೀಸಲ್ಲಿ, ಔಷಧಿ ಡಬ್ಬಿ ಮೇಲೆ ಇರೋದೂ ಅದೇ. ಭಾಷೆ ಬರದವರು ರೌಂಡ್ಸ್ ಹೊತ್ತಲ್ಲಿ ಗುಂಪಿನ ಹಿಂದೆ ನಿಂತ್ಕೊಳ್ತಾರೆ. ಹಾಗೆ ಹಿಂದೆ ನಿಂತೇ ಕ್ಲಿನಿಕಲ್ ಕಲಿಕೆ ಮುಗಿದುಹೋಗುತ್ತೆ.

ಅದರ ಬೆಲೆ ಎಷ್ಟು ಅನ್ನೋದಕ್ಕೆ ಅದೇ ರಾಯಭಾರ ಕಚೇರಿ ಅಂಕಿ ಕೊಟ್ಟಿದೆ. ವಿದೇಶದಲ್ಲಿ ಎಂಬಿಬಿಎಸ್ ಮಾಡಿ ಬಂದವರು ಇಲ್ಲಿ ಎಫ್‌ಎಂಜಿಇ ಅನ್ನೋ ಪರೀಕ್ಷೆ ಪಾಸಾಗ್ಬೇಕು, 300ಕ್ಕೆ 150. 2015ರಿಂದ 2021ರವರೆಗೆ ಚೀನಾದಲ್ಲಿ ಓದಿದವರಲ್ಲಿ ಈ ಪರೀಕ್ಷೆ ಬರೆದವರು 40,417. ಪಾಸಾದವರು 6,387. ನಾನು ಓದಿದ್ದು ಬಿಕಾಂ, ಆದ್ರೆ ಈ ಲೆಕ್ಕಕ್ಕೆ ಯಾವ ಡಿಗ್ರಿಯೂ ಬೇಡ: ನೂರಕ್ಕೆ 16. ಅದೂ ಯಾವುದೋ ಮೂಲೆಯ ಕಾಲೇಜುಗಳ ಲೆಕ್ಕ ಅನ್ಕೊಬೇಡಿ, ಮಾನ್ಯತೆ ಇರೋ ಆ 45 ಕಾಲೇಜುಗಳಿಂದ ಬಂದವರ ಲೆಕ್ಕವೇ ಇದು. ಎಲ್ಲಾ ಸೋಲಿಗೂ ಭಾಷೆಯೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ರೋಗಿಯ ಜೊತೆ ಮಾತಾಡದೆ ಕ್ಲಿನಿಕಲ್ ಕಲಿಯೋದು ಹೇಗೆ ಅಂತ ನನಗೆ ಯಾರೂ ವಿವರಿಸಿಲ್ಲ.

ಇನ್ನೊಂದು ಗಂಟು ಇದೆ. ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್, ಅಂದ್ರೆ ಎನ್‌ಎಂಸಿ, 2021ರ ನವೆಂಬರ್ 18ರಂದು ಹೊಸ ನಿಯಮ ತಂತು. ನೀಟ್ ಪಾಸಾಗಿರಬೇಕು ಅನ್ನೋದು ಎಲ್ರಿಗೂ ಗೊತ್ತು. ಜೊತೆಗೆ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಓದಿದ ದೇಶದಲ್ಲೂ ಡಾಕ್ಟರ್ ಆಗಿ ನೋಂದಣಿ ಮಾಡಿಸ್ಕೊಳ್ಳೋಕೆ ನೀವು ಅರ್ಹರಾಗಿರಬೇಕು. ಈ ಕೊನೇದನ್ನ ಇನ್ನೊಂದ್ಸಲ ಕೇಳಿಸ್ಕೊಳ್ಳಿ. ಚೀನಾದಲ್ಲಿ ವೈದ್ಯರ ಲೈಸೆನ್ಸ್ ಪರೀಕ್ಷೆ ನಡೆಯೋದು ಚೈನೀಸ್ ಭಾಷೇಲಿ. ಹಾಗಾಗಿ 'ಭಾಷೆ ಅಲ್ಲಿ ಹೋದ ಮೇಲೆ ನೋಡ್ಕೊಂಡ್ರಾಯ್ತು' ಅನ್ನೋ ಕನ್ಸಲ್ಟೆಂಟ್ ನಿಮ್ಮ ಡಿಗ್ರಿ ಬಗ್ಗೆ ಮಾತಾಡ್ತಿಲ್ಲ. ಅವರಿಗಿರೋದು ನಿಮ್ಮ ಅಡ್ಮಿಷನ್ ಚಿಂತೆ ಮಾತ್ರ.

ಇಲ್ಲೊಂದು ಅಡ್ಡಮಾತು. ಡಾ. ದ್ವಾರಕಾನಾಥ್ ಕೋಟ್ನಿಸ್ ಹೆಸರು ಕೇಳಿರ್ತೀರಿ. ನಮ್ಮ ಗಡಿ ಪಕ್ಕದ ಸೊಲ್ಲಾಪುರದವರು. 1938ರಲ್ಲಿ ಐದು ಜನ ಭಾರತೀಯ ಡಾಕ್ಟರುಗಳ ತಂಡದಲ್ಲಿ ಯುದ್ಧದ ಮಧ್ಯೆ ಚೀನಾಕ್ಕೆ ಹೋದ್ರು. 1942ರಲ್ಲಿ ಅಲ್ಲೇ ತೀರಿಕೊಂಡ್ರು, ಆಗ ಅವರಿಗೆ ಬರೀ 32 ವರ್ಷ. ಗಾಯಾಳುಗಳ ನಡುವೆ ಕೆಲಸ ಮಾಡ್ತಾನೇ ಅವರು ಚೈನೀಸ್ ಮಾತಾಡೋದು, ಓದೋದು, ಬರೆಯೋದು ಕಲ್ತಿದ್ರು. ಆಗ ಆಪ್ ಇರ್ಲಿಲ್ಲ, ಕೋಚಿಂಗ್ ಇರ್ಲಿಲ್ಲ. ನಮಗೆ ಎಲ್ಲಾ ಇದೆ.

ಸರಿ, ಕಲಿಯೋದು ಹೇಗೆ? 'ಚೈನೀಸ್ ಅಂದ್ರೆ ಬೆಟ್ಟದಷ್ಟು ಕಷ್ಟ' ಅಂತ ಇಂಗ್ಲಿಷಿನಲ್ಲಿ ಮಾಡಿದ ವೀಡಿಯೋಗಳು ಹೇಳ್ತವೆ. ಅವು ಅಮೆರಿಕದವರಿಗೆ ಅಂತ ಮಾಡಿದ್ದು. ಕನ್ನಡದವರ ಕಷ್ಟ ಬೇರೆ, ಕನ್ನಡದವರಿಗೆ ಸುಲಭ ಆಗೋದೂ ಬೇರೆ. ಇದನ್ನ ಯಾರೂ ನಮಗೆ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಚೈನೀಸನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿಗೆ ಪಿನ್‌ಯಿನ್ ಅಂತಾರೆ. ಅದರಲ್ಲಿ 'ಬಿ' ಅಂತ ಬರೆದಿದ್ರೆ ನಾವು 'ಬ' ಅಂತ ಓದ್ತೀವಿ. ಆದ್ರೆ ಅಲ್ಲಿನ ಬಾಯಲ್ಲಿ ಅದು ನಮ್ಮ 'ಪ'ಗೆ ಹತ್ತಿರ. 'ಪಿ' ಅಂತ ಬರೆದಿದ್ದು ಉಸಿರು ಸೇರಿಸಿದ ಪ, ಅಂದ್ರೆ ನಮ್ಮ ಮಹಾಪ್ರಾಣ. 'ಡಿ' ಅಂದ್ರೆ ತ, 'ಟಿ' ಅಂದ್ರೆ ಥ. 'ಜಿ' ಅಂದ್ರೆ ಕ, 'ಕೆ' ಅಂದ್ರೆ ಖ. ನಾವು ಬೀಜಿಂಗ್ ಅನ್ನೋ ಊರನ್ನ ಅವರು ಕರೆಯೋದು ಹೆಚ್ಚುಕಮ್ಮಿ 'ಪೆಯ್‌ಚಿಂಗ್' ಅಂತ. ಒಂದನೇ ಕ್ಲಾಸಲ್ಲಿ ಸ್ಲೇಟಿನ ಮೇಲೆ ತಿದ್ದಿದ ಅಲ್ಪಪ್ರಾಣ, ಮಹಾಪ್ರಾಣ ಇಲ್ಲಿ ಕೆಲಸಕ್ಕೆ ಬರುತ್ತೆ. ಪ ಮತ್ತು ಮಹಾಪ್ರಾಣದ ಪ ಎರಡು ಬೇರೆ ಅಕ್ಷರ ಅಂತ ಇಂಗ್ಲಿಷಿನವರಿಗೆ ಅನಿಸೋದೇ ಇಲ್ಲ, ನಮಗೆ ಅದು ವರ್ಣಮಾಲೆಯಲ್ಲೇ ಇದೆ.

ಉದಾಹರಣೆ ಕೊಡ್ತೀನಿ. ಹೊಟ್ಟೆಗೆ ಚೈನೀಸಿನಲ್ಲಿ 'ತೂತ್ಸ'. ಮೊಲಕ್ಕೆ 'ಥೂತ್ಸ'. ಸ್ವರ ಕೂಡ ಒಂದೇ, ಎರಡೂ ಮೇಲಿಂದ ಕೆಳಗೆ ಬೀಳೋ ಸ್ವರ. ವ್ಯತ್ಯಾಸ ಇರೋದು ಆ ಒಂದು ಉಸಿರಿನಲ್ಲಿ. ಇಂಗ್ಲಿಷ್ ಅಕ್ಷರ ನೋಡಿ ಓದಿದವರು 'ದೂ' ಮತ್ತು 'ತೂ' ಅಂತ ಹೇಳ್ತಾರೆ, ಎದುರಿನವರಿಗೆ ಗೊಂದಲ. ನೋವು ಅನ್ನೋದಕ್ಕೆ 'ಥಂಗ್'. ರೋಗಿ 'ತೂತ್ಸ ಥಂಗ್' ಅಂದ್ರೆ ಹೊಟ್ಟೆನೋವು. ನೀವು ವಾಪಸ್ 'ಥೂತ್ಸ ಥಂಗ್?' ಅಂತ ಕೇಳಿದ್ರೆ, ನಿಮ್ಮ ಮೊಲಕ್ಕೆ ನೋವಾ ಅಂತ ಕೇಳಿದ ಹಾಗೆ! ವಾರ್ಡಲ್ಲಿ ಇರೋರೆಲ್ಲ ನಗ್ತಾರೆ. ಮಾತಾಡುವಾಗ ಮಹಾಪ್ರಾಣ ನುಂಗಿಬಿಡೋದು ನಮ್ಮಲ್ಲಿ ಬೇಕಾದಷ್ಟು ಜನರ ಅಭ್ಯಾಸ. ಭರತ 'ಬರತ' ಆಗ್ತಾನೆ, ಖಾರ 'ಕಾರ' ಆಗುತ್ತೆ. ಅಕ್ಷರ ಗೊತ್ತಿದೆ, ನಾಲಿಗೆಗೆ ಸೋಮಾರಿತನ. ಅದನ್ನ ಇಲ್ಲೇ ಬಿಡಿಸ್ಕೊಂಡು ಹೋಗಿ. ಪದ ಕಲಿಯುವಾಗ ಪಕ್ಕದಲ್ಲಿ ಕನ್ನಡ ಅಕ್ಷರದಲ್ಲೂ ಬರ್ಕೊಳ್ಳಿ, ತಪ್ಪು ಅರ್ಧ ಕಮ್ಮಿ ಆಗುತ್ತೆ.

ನಿಜವಾದ ಕಷ್ಟ ಇರೋದು ಸ್ವರದಲ್ಲಿ. ನಾಲ್ಕು ಸ್ವರ ಅಂತ ಕೇಳಿರ್ತೀರಿ. ನಿಮ್ಮ ಮನೇಲಿ ಯಾರಾದ್ರೂ ಫೋನಲ್ಲಿ 'ಹ್ಞೂ' ಅನ್ನೋದನ್ನ ಗಮನಿಸಿ. ಒಪ್ಪಿಗೆಗೆ ಒಂದು ಹ್ಞೂ, ಪ್ರಶ್ನೆಗೆ ಒಂದು, ಅನುಮಾನಕ್ಕೆ ಒಂದು, 'ಸಾಕು ಫೋನ್ ಇಡು' ಅನ್ನೋದಕ್ಕೆ ಇನ್ನೊಂದು. ಸ್ವರ ಏರಿಸಿ ಇಳಿಸೋದು ನಮಗೂ ಗೊತ್ತು, ನಮ್ಮಲ್ಲಿ ಅದು ಭಾವ ಬದಲಿಸುತ್ತೆ, ಅಲ್ಲಿ ಪದವನ್ನೇ ಬದಲಿಸುತ್ತೆ. ಇದಕ್ಕೆ ಪುಸ್ತಕ ಸಾಲದು, ಕಿವಿಗೆ ಬೀಳ್ಬೇಕು. ದಿನಾ 20 ನಿಮಿಷ ಕೇಳಿ, ಗಟ್ಟಿಯಾಗಿ ಹೇಳಿ, ರೆಕಾರ್ಡ್ ಮಾಡಿ ಕೇಳಿಸ್ಕೊಳ್ಳಿ. ನಾಚಿಕೆ ಆಗುತ್ತೆ, ಆಗ್ಲಿ. ನನ್ನ ಮೊದಲ ಸಂಚಿಕೆ ಕೇಳಿಸ್ಕೊಂಡಾಗ ನನಗೂ ಆಗಿತ್ತು.

ಒಂದು ಸಿಹಿ ಸುದ್ದಿ. ಇಂಗ್ಲಿಷಿನಲ್ಲಿ 'ಬ್ರದರ್' ಅಂದ್ರೆ ಅಣ್ಣನೋ ತಮ್ಮನೋ ಗೊತ್ತಾಗಲ್ಲ. ಚೈನೀಸಿನಲ್ಲಿ ನಮ್ಮ ಹಾಗೇ. ಅಣ್ಣ 'ಕಕ', ತಮ್ಮ 'ತೀತಿ', ಅಕ್ಕ 'ಚಿಯೆಚಿಯೆ', ತಂಗಿ 'ಮೆಯ್‌ಮೆಯ್'. ಹಾಸ್ಟೆಲಿನ ಸೀನಿಯರ್ ಹುಡುಗಿಯನ್ನ ಅಕ್ಕ ಅಂದ್ರೆ ಅಲ್ಲೂ ನಡೆಯುತ್ತೆ.

ಲೆಕ್ಕ ನೋಡೋಣ. ಇಷ್ಟು ವರ್ಷ ನಡೆದು ಬಂದ ಎಚ್‌ಎಸ್‌ಕೆ ಪದ್ಧತಿಯಲ್ಲಿ 1ನೇ ಹಂತಕ್ಕೆ 150 ಪದ, 2ಕ್ಕೆ 300, 3ಕ್ಕೆ 600, 4ಕ್ಕೆ 1,200. ಪ್ರತಿ ಹಂತಕ್ಕೂ ದುಪ್ಪಟ್ಟು. ಕಾಲೇಜು ಶುರುವಾಗೋದು ಸೆಪ್ಟೆಂಬರ್‌ನಲ್ಲಿ. ಮಾರ್ಚಿಂದ ಹಿಡಿದ್ರೆ 180 ದಿನ. ದಿನಕ್ಕೆ ಎರಡು ಪದಕ್ಕಿಂತ ಕಮ್ಮಿ ಕಲಿತ್ರೂ 300 ಆಗುತ್ತೆ. ಅನಾಟಮಿ, ಫಿಸಿಯಾಲಜಿ ತಲೆ ಮೇಲೆ ಬಿದ್ದಾಗ ಮೊದಲ 300 ಪದ ಕಲಿಯೋಕೆ ಹೋಗೋದಕ್ಕೂ, ಅದನ್ನ ಕಿಸೆಯಲ್ಲಿಟ್ಕೊಂಡೇ ಇಳಿಯೋದಕ್ಕೂ ಅಜಗಜಾಂತರ. 'ಎಚ್‌ಎಸ್‌ಕೆ ಸ್ಟ್ಯಾಂಡರ್ಡ್ ಕೋರ್ಸ್' ಅಂತ ಪುಸ್ತಕ ಇದೆ, ಆಡಿಯೋ ಜೊತೆಗೆ. 'ಪ್ಲೆಕೋ' ಅನ್ನೋ ನಿಘಂಟು ಆಪ್ ನೆಟ್ ಇಲ್ಲದೆ ಓಡುತ್ತೆ, ಇಲ್ಲಿರುವಾಗಲೇ ಹಾಕ್ಕೊಳ್ಳಿ.

'ಇಲ್ಲಿರುವಾಗಲೇ' ಅಂದೆ ಅಲ್ವಾ, ಅದಕ್ಕೆ ಕಾರಣ ನಿಮ್ಮ ಫೋನು. ಇದನ್ನ ಮನೆಯವರೂ ಕೇಳಿಸ್ಕೊಳ್ಳಿ.

ಚೀನಾದಲ್ಲಿ ಗೂಗಲ್ ಇಲ್ಲ, ಜಿಮೇಲ್ ಇಲ್ಲ, ವಾಟ್ಸಾಪ್, ಯೂಟ್ಯೂಬ್, ಇನ್‌ಸ್ಟಾ ಒಂದೂ ಇಲ್ಲ. ಅಲ್ಲಿ ಎಲ್ಲಾ ನಡೆಯೋದು ವಿಚಾಟ್‌ನಲ್ಲಿ. ಕ್ಲಾಸ್ ಗ್ರೂಪ್, ಹಾಸ್ಟೆಲ್ ನೋಟಿಸ್, ತರಕಾರಿ ಅಂಗಡಿ ಪೇಮೆಂಟ್ ಸಮೇತ. ಆ ವಿಚಾಟನ್ನ ಭಾರತ ಸರ್ಕಾರ 2020ರ ಜೂನ್ 29ರಂದು, ಟಿಕ್‌ಟಾಕ್ ಜೊತೆ 59 ಆಪ್‌ಗಳ ಪಟ್ಟಿಯಲ್ಲಿ ನಿಷೇಧಿಸಿತು. ಅಂದ್ರೆ ನಿಮ್ಮ ಆಪ್ ಅಮ್ಮನ ಫೋನಲ್ಲಿ ಇಲ್ಲ, ಅಮ್ಮನ ಆಪ್ ನಿಮ್ಮ ಫೋನಲ್ಲಿ ಓಡಲ್ಲ. ಮಗಳು ತಲುಪಿದ ರಾತ್ರಿ ವಾಟ್ಸಾಪ್‌ನಲ್ಲಿ ಒಂದೇ ಟಿಕ್ ನೋಡ್ಕೊಂಡು ಮನೆಯವರು ಬೆಳಗಿನವರೆಗೆ ಕೂತಿರೋದು ಬೇಡ ಅಂದ್ರೆ, ಈ ವ್ಯವಸ್ಥೆ ಮೊದಲೇ ಆಗ್ಬೇಕು.

ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ. ರೋಮಿಂಗ್ ಡೇಟಾ ನಮ್ಮ ಕಂಪನಿ ಮೂಲಕವೇ ಹಾದುಹೋಗೋದ್ರಿಂದ ಸಾಮಾನ್ಯವಾಗಿ ವಾಟ್ಸಾಪ್ ನಡೆಯುತ್ತೆ. ದುಬಾರಿ, ಆದ್ರೆ ಮೊದಲ ವಾರಕ್ಕೆ ಬೇಕು. ಆಮೇಲೆ ದಿನದ ಮಾತಿಗೆ ಮೈಕ್ರೋಸಾಫ್ಟ್ ಟೀಮ್ಸ್, ಎರಡೂ ಕಡೆ ಐಫೋನ್ ಇದ್ರೆ ಫೇಸ್‌ಟೈಮ್. ಟೀಮ್ಸ್ ಹಾಕಿ, ಅಪ್ಪ ಅಮ್ಮನ ಹತ್ರ ನೀವು ಹೊರಡೋಕೆ ಮುಂಚೆ ಹತ್ತು ಸಲ ಕಾಲ್ ಮಾಡಿಸಿ. ವಿಪಿಎನ್ ಹಾಕ್ಕೊಳ್ಳಿ ಅಂತ ಸೀನಿಯರ್ಸ್ ಹೇಳ್ತಾರೆ. ಸರ್ಕಾರದ ಅನುಮತಿ ಇಲ್ಲದ ವಿಪಿಎನ್ ಅಲ್ಲಿನ ಕಾನೂನಿಗೆ ವಿರುದ್ಧ, ಮೇಲಾಗಿ ಪರೀಕ್ಷೆಯ ವಾರದಲ್ಲೇ ಕೈಕೊಡಬಹುದು. ಮನೆ ಸಂಪರ್ಕವನ್ನ ಅದರ ಮೇಲೆ ನಿಲ್ಲಿಸಬೇಡಿ. ಸಮಯದ ವ್ಯತ್ಯಾಸ ಎರಡೂವರೆ ಗಂಟೆ ಮಾತ್ರ, ಅಮೆರಿಕದವರ ಹಾಗೆ ಮಧ್ಯರಾತ್ರಿ ಏಳೋ ಕಷ್ಟ ಇಲ್ಲ.

ಆ ಭಾರತದ ಸಿಮ್ ಸಾಯಬಾರದು. ಬ್ಯಾಂಕ್ ಒಟಿಪಿ ಬರೋದು ಅದಕ್ಕೇ. ಊರಲ್ಲಿ ಯಾರಾದ್ರೂ ಒಬ್ಬರು ರೀಚಾರ್ಜ್ ಜವಾಬ್ದಾರಿ ತಗೊಳ್ಳಿ. ಕಾಲೇಜಿಗೆ ಕೊಟ್ಟ ಇಮೇಲ್ ಜಿಮೇಲ್ ಆಗಿದ್ರೆ ಇನ್ನೊಂದು ವಿಳಾಸ ಮಾಡಿ ತಿಳಿಸಿ. ಗೂಗಲ್ ಡ್ರೈವ್‌ನಲ್ಲಿರೋ ಮಾರ್ಕ್ಸ್ ಕಾರ್ಡು, ಅಡ್ಮಿಷನ್ ಲೆಟರ್ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿ, ಜೆರಾಕ್ಸೂ ಇಟ್ಕೊಳ್ಳಿ. ವಿಚಾಟ್ ಅಕೌಂಟ್ ತೆರೆಯುವಾಗ ಈಗಾಗಲೇ ಬಳಸ್ತಿರೋ ಒಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಖಾತರಿ ಕೊಡಬೇಕಾಗಿ ಬರಬಹುದು, ಹಾಗಾಗಿ ಕಾಲೇಜಿನ ಒಬ್ಬ ಸೀನಿಯರ್ ಪರಿಚಯ ಮೊದಲೇ ಇರ್ಲಿ.

ಈಗ ದುಡ್ಡು. ಯುಪಿಐ ಮರೆತುಬಿಡಿ. ಅಲ್ಲಿ ಅಲಿಪೇ ಅಥವಾ ವಿಚಾಟ್ ಪೇ. ಎರಡಕ್ಕೂ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಸೇರಿಸಬಹುದು, ಬ್ಯಾಂಕಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿಸಿದ್ರೆ. 200 ಯುವಾನ್ ಒಳಗಿನ ಪೇಮೆಂಟಿಗೆ ಆ ಆಪ್‌ಗಳು ಶುಲ್ಕ ಹಾಕಲ್ಲ, ಮೇಲೆ ಹೋದ್ರೆ 3 ಪರ್ಸೆಂಟ್. ನಿಮ್ಮ ಬ್ಯಾಂಕಿನ ಫಾರೆಕ್ಸ್ ಶುಲ್ಕ ಬೇರೆ. ಒಂದು ಯುವಾನ್ ಅಂದ್ರೆ ಅಂದಾಜು 12–13 ರೂಪಾಯಿ. ಅಲ್ಲಿನ ಬ್ಯಾಂಕ್ ಖಾತೆ ಆಗೋವರೆಗೆ ಇದು ಸಾಕು, ಆಮೇಲೆ ಖಾತೆಯನ್ನೇ ಆಪ್‌ಗೆ ಸೇರಿಸಿ.

ಫೀಸ್ ವಿಷಯದಲ್ಲಿ ನನ್ನದು ಒಂದೇ ಹಟ. ಟ್ಯೂಷನ್ ಫೀಸ್ ಯೂನಿವರ್ಸಿಟಿ ಖಾತೆಗೆ, ನಿಮ್ಮ ಬ್ಯಾಂಕಿಂದ, ವರ್ಷ ವರ್ಷಕ್ಕೆ ಹೋಗ್ಲಿ. 'ಆರು ವರ್ಷದ ಪ್ಯಾಕೇಜ್, ಈಗಲೇ ಕಟ್ಟಿದ್ರೆ ಡಿಸ್ಕೌಂಟ್' ಅಂದ್ರೆ ಎದ್ದು ಬನ್ನಿ. ಕನ್ಸಲ್ಟೆನ್ಸಿಯವರಿಗೆ ಅವರ ಸೇವೆಯ ಫೀಸ್ ಬೇರೆ ಕೊಡಿ, ರಸೀದಿ ತಗೊಳ್ಳಿ. ಅಡ್ಮಿಷನ್ ಲೆಟರ್‌ನಲ್ಲಿರೋ ಫೀಸ್‌ಗೂ ಅವರು ಕೇಳೋ ಮೊತ್ತಕ್ಕೂ ವ್ಯತ್ಯಾಸ ಇದ್ರೆ ಅದು ಯಾವುದಕ್ಕೆ ಅಂತ ಬರೆದುಕೊಡೋಕೆ ಹೇಳಿ. ಸ್ವಂತ ದುಡ್ಡಲ್ಲಿ ವರ್ಷಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಹೊರದೇಶಕ್ಕೆ ಕಳಿಸಿದ್ರೆ ಹೆಚ್ಚಿನ ಮೊತ್ತದ ಮೇಲೆ ಬ್ಯಾಂಕ್ ಟಿಸಿಎಸ್ ಹಿಡಿಯುತ್ತೆ. ಬ್ಯಾಂಕಿನ ಎಜುಕೇಷನ್ ಲೋನ್ ದುಡ್ಡಿಗೆ ಹಿಡಿಯಲ್ಲ. ಹಿಡಿದ ಟಿಸಿಎಸ್ ಕಳೆದುಹೋದ ದುಡ್ಡಲ್ಲ. ರಿಟರ್ನ್ ಫೈಲ್ ಮಾಡುವಾಗ ತೆರಿಗೆಗೆ ಹೊಂದಿಸ್ಕೊಬಹುದು, ಇಲ್ಲಾ ವಾಪಸ್ ಕೇಳಬಹುದು. ಅಪ್ಪ ರಿಟರ್ನ್ ಫೈಲ್ ಮಾಡೋ ಅಭ್ಯಾಸ ಇಲ್ಲದವರಾದ್ರೆ ಈ ವರ್ಷದಿಂದ ಶುರು ಮಾಡಿಸಿ.

ಪಾರ್ಟ್‌ಟೈಮ್ ಕೆಲಸ ಮಾಡ್ಕೊಂಡು ಖರ್ಚು ತೂಗಿಸ್ತೀನಿ ಅನ್ನೋ ಲೆಕ್ಕ ಬೇಡ. ಚೀನಾದಲ್ಲಿ ವಿದ್ಯಾರ್ಥಿ ವೀಸಾದವರು ಕಾಲೇಜು ಮತ್ತು ವಲಸೆ ಕಚೇರಿ ಎರಡರ ಅನುಮತಿ ಇಲ್ಲದೆ ಕೆಲಸ ಮಾಡೋ ಹಾಗಿಲ್ಲ. ಸಿಕ್ಕಿಬಿದ್ರೆ 5,000ದಿಂದ 20,000 ಯುವಾನ್ ದಂಡ.

ಎಂಬಿಬಿಎಸ್ ಅಲ್ಲದೆ ಎಂಜಿನಿಯರಿಂಗ್, ಬಿಸಿನೆಸ್, ಎಂಎಸ್ಸಿಗೆ ಹೋಗೋರು ಚೀನಾ ಸರ್ಕಾರದ ಸ್ಕಾಲರ್‌ಶಿಪ್ ನೋಡಿ, ಸಿಎಸ್‌ಸಿ ಅಂತಾರೆ. ಫೀಸ್, ಹಾಸ್ಟೆಲ್, ಇನ್ಶೂರೆನ್ಸ್ ಜೊತೆಗೆ ತಿಂಗಳಿಗೆ ಪದವಿಯವರಿಗೆ 2,500 ಯುವಾನ್, ಮಾಸ್ಟರ್ಸ್‌ಗೆ 3,000, ಪಿಎಚ್‌ಡಿಗೆ 3,500. ಅರ್ಜಿ ಹಾಕೋ ಸಮಯ ವರ್ಷದ ಮೊದಲ ಮೂರು ನಾಲ್ಕು ತಿಂಗಳು, ಪಿಯುಸಿ ರಿಸಲ್ಟ್ ಬಂದ ಮೇಲೆ ಎದ್ರೆ ಬಸ್ ಹೋಗಿರುತ್ತೆ. ಪದವಿಗೆ ಈ ಸ್ಕಾಲರ್‌ಶಿಪ್ ಸಿಕ್ಕಿದವರು ಸಾಮಾನ್ಯವಾಗಿ ಓದೋದು ಚೈನೀಸಿನಲ್ಲೇ, ಮೊದಲ ವರ್ಷ ಪೂರ್ತಿ ಭಾಷಾ ತಯಾರಿ. ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದ್ವಿ ನೋಡಿ.

ಕಾಗದಪತ್ರದಲ್ಲಿ ಕರ್ನಾಟಕದವರಿಗೆ ಅಂತಲೇ ಇರೋ ಒಂದು ತಲೆನೋವು ಇನಿಷಿಯಲ್ಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪಾಸ್‌ಪೋರ್ಟಲ್ಲಿ ಅದೇ ಬಿಡಿಸಿ ಊರ ಹೆಸರು, ಅಪ್ಪನ ಹೆಸರು. ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ಇಲ್ಲಿ ಯಾರೂ ಕೇಳಲ್ಲ, ಅಲ್ಲಿ ಕಂಪ್ಯೂಟರ್ ಕೇಳುತ್ತೆ. ಸಿಮ್, ಬ್ಯಾಂಕ್ ಖಾತೆ, ಅಲಿಪೇ, ರೈಲು ಟಿಕೆಟ್ ಎಲ್ಲಾ ಪಾಸ್‌ಪೋರ್ಟಿನ ಹೆಸರು ಮತ್ತು ನಂಬರಿಗೆ ಅಂಟಿಕೊಂಡಿರುತ್ತೆ. ಅಡ್ಮಿಷನ್ ಲೆಟರ್ ಬಂದ ತಕ್ಷಣ ಹೆಸರನ್ನ ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ಒಂದು ಸ್ಪೇಸ್ ಹೆಚ್ಚುಕಮ್ಮಿ ಇದ್ರೂ ತಿದ್ದಿಸಿ. ಪಾಸ್‌ಪೋರ್ಟ್ ಅವಧಿ ಒಂದೆರಡು ವರ್ಷದಲ್ಲಿ ಮುಗಿಯೋದಾದ್ರೆ ಇಲ್ಲೇ ಹೊಸದು ಮಾಡಿಸಿ. ಅಲ್ಲಿ ನಂಬರ್ ಬದಲಾದ್ರೆ ಎಲ್ಲಾ ಕಡೆ ಮತ್ತೆ ಕ್ಯೂ ನಿಲ್ಬೇಕು.

ವೀಸಾಕ್ಕೆ ನಾವು ಕರ್ನಾಟಕದವರು ಮುಂಬೈ ವ್ಯಾಪ್ತಿಗೆ ಬರ್ತೀವಿ. ಆರು ತಿಂಗಳಿಗಿಂತ ಹೆಚ್ಚಿನ ಓದಿಗೆ ಎಕ್ಸ್ 1 ವೀಸಾ. ಅಡ್ಮಿಷನ್ ಲೆಟರ್ ಜೊತೆ ಜೆಡಬ್ಲ್ಯು 202 ಅನ್ನೋ ಫಾರ್ಮ್ ಕಾಲೇಜಿಂದ ಬರುತ್ತೆ, ಸರ್ಕಾರಿ ಸ್ಕಾಲರ್‌ಶಿಪ್‌ನವರಿಗೆ 201. ಮೆಡಿಕಲ್ ಟೆಸ್ಟ್ ರಿಪೋರ್ಟಿನ ಆಯಸ್ಸು ಆರು ತಿಂಗಳು, ತೀರಾ ಬೇಗ ಮಾಡಿಸಬೇಡಿ. ಎಕ್ಸ್‌ರೇ, ರಕ್ತ ಪರೀಕ್ಷೆಯ ಮೂಲ ರಿಪೋರ್ಟ್ ಕೈಚೀಲದಲ್ಲೇ ಇರ್ಲಿ, ಅಲ್ಲಿ ಮತ್ತೆ ಪರಿಶೀಲಿಸ್ತಾರೆ.

ವೀಸಾ ಕೈಗೆ ಬಂದಾಗ ಉಳಿಯೋ ಅವಧಿ ಅನ್ನೋ ಕಡೆ '000' ದಿನ ಅಂತ ಇರುತ್ತೆ. ಗಾಬರಿ ಬೇಡ, ಮೋಸ ಆಗಿಲ್ಲ. ಚೀನಾದೊಳಗೆ ಹೋದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕ್ಬೇಕು ಅಂತ ಅದರರ್ಥ. ಅದಕ್ಕೂ ಮೊದಲು, ಹೋಟೆಲ್ ಬಿಟ್ಟು ಬೇರೆ ಎಲ್ಲೇ ಉಳಿದ್ರೂ 24 ಗಂಟೆಯೊಳಗೆ ಪೊಲೀಸ್ ಠಾಣೇಲಿ ವಿಳಾಸ ನೋಂದಣಿ ಆಗ್ಬೇಕು. ಹಾಸ್ಟೆಲ್ ಆದ್ರೆ ಕಾಲೇಜಿನವರೇ ದಾರಿ ತೋರಿಸ್ತಾರೆ. ಪರ್ಮಿಟ್ ಮಾಡುವಾಗ ಪಾಸ್‌ಪೋರ್ಟ್ ಕೆಲವು ದಿನ ಅವರ ಹತ್ರ ಇರುತ್ತೆ, ಆಗ ಊರೂರು ಸುತ್ತೋ ಪ್ಲಾನ್ ಬೇಡ. ಇನ್ನೊಂದು: ಎಕ್ಸ್ 1 ಒಂದೇ ಸಲ ಒಳಗೆ ಬಿಡೋ ವೀಸಾ. ಪರ್ಮಿಟ್ ಸಿಗೋ ಮುಂಚೆ 'ಇಲ್ಲೇ ಪಕ್ಕ' ಅಂತ ಹಾಂಗ್‌ಕಾಂಗ್‌ಗೆ ಹೋದ್ರೆ ದೇಶ ಬಿಟ್ಟ ಲೆಕ್ಕ, ವಾಪಸ್ ಬರೋಕೆ ಹೊಸ ವೀಸಾ ಬೇಕು.

ಮನೇಲಿ ಎಲ್ರೂ ಕೇಳೋ ದೊಡ್ಡ ಪ್ರಶ್ನೆ ಒಂದಿದೆ. ಮತ್ತೆ ಗಡಿ ಮುಚ್ಚಿದ್ರೆ? 2020ರಲ್ಲಿ ಸಿಕ್ಕಿಹಾಕ್ಕೊಂಡವರು ಎರಡು ವರ್ಷ ಲ್ಯಾಪ್‌ಟಾಪ್ ಮುಂದೆ ಎಂಬಿಬಿಎಸ್ ಓದಿದ್ರು. ಬರೀ ಆನ್‌ಲೈನ್ ಓದಿಗೆ ಮಾನ್ಯತೆ ಇಲ್ಲ ಅಂತ ಎನ್‌ಎಂಸಿ ಎಚ್ಚರಿಸಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಕೊನೆಗೆ 2022ರ ಜುಲೈನಲ್ಲಿ, ಆ ವರ್ಷದ ಜೂನ್ 30ರೊಳಗೆ ಕೋರ್ಸ್ ಮುಗಿದ ಕೊನೆ ವರ್ಷದವರಿಗೆ ಮಾತ್ರ ಎಫ್‌ಎಂಜಿಇ ಬರೆಯೋಕೆ ಬಿಟ್ರು, ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಅನ್ನೋ ಷರತ್ತಿನ ಮೇಲೆ. ಉಳಿದವರು ಕಾದ್ರು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಕುಟುಂಬದ ಹತ್ರ ಒಂದು ವರ್ಷ ಹೆಚ್ಚಿಗೆ ತಡೆಯೋ ಶಕ್ತಿ ಇದೆಯಾ ಅಂತ ಸೈಟು ಅಡ ಇಡೋ ಮುಂಚೆ ಕೂತು ಮಾತಾಡಿ. ಇಲ್ಲ ಅಂದ್ರೆ, ನನ್ನ ಅಭಿಪ್ರಾಯದಲ್ಲಿ, ಈ ವರ್ಷ ಬೇಡ.

ಸರಿ, ಬ್ಯಾಗಿಗೆ ಬರೋಣ. ಹಾಸ್ಟೆಲ್ ರೂಮಲ್ಲಿ ಅಡುಗೆಗೆ ಬಹಳ ಕಡೆ ಬಿಡಲ್ಲ, ಕುಕ್ಕರ್ ತುಂಬೋ ಮುಂಚೆ ಕೇಳಿ. ಕ್ಯಾಂಟೀನ್ ಊಟ ಅಗ್ಗ. ಮಾಂಸ ತಿನ್ನದವರು 'ವೋ ಛ ಸೂ', ಅಂದ್ರೆ 'ನಾನು ಸಸ್ಯಾಹಾರಿ', ಇದನ್ನ ಚೀನೀ ಅಕ್ಷರದಲ್ಲಿ ಬರೆದು ಇಟ್ಕೊಳ್ಳಿ. ಜೊತೆಗೆ ಹಂದಿ ಕೊಬ್ಬು ಬೇಡ, ಮಾಂಸದ ಸಾರು ಬೇಡ ಅಂತಲೂ ಬರೆಸಿ, ಯಾಕಂದ್ರೆ ಸೊಪ್ಪಿನ ಪಲ್ಯದಲ್ಲೂ ಅದು ಇರಬಹುದು. ಹಂದಿ ತಿನ್ನದವರಿಗೆ ಅನೇಕ ಕ್ಯಾಂಪಸ್‌ಗಳಲ್ಲಿ ಹಲಾಲ್ ಕ್ಯಾಂಟೀನ್ ಪ್ರತ್ಯೇಕ ಇರುತ್ತೆ.

ಸ್ವೆಟರ್ ವಿಷಯ ಊರಿನ ಮೇಲೆ. ಹಾರ್ಬಿನ್‌ನಲ್ಲಿ ಚಳಿಗಾಲ ಮೈನಸ್ 20ರ ಕೆಳಗೂ ಇಳಿಯುತ್ತೆ, ಆದ್ರೆ ಕಟ್ಟಡದೊಳಗೆ ಸರ್ಕಾರದ ಹೀಟಿಂಗ್ ಇರುತ್ತೆ. ಮಜಾ ಏನಂದ್ರೆ ಆ ಹೀಟಿಂಗ್ ವ್ಯವಸ್ಥೆ ಇರೋದು ಹೆಚ್ಚಾಗಿ ಛಿನ್‌ಲಿಂಗ್ ಬೆಟ್ಟ, ಹುವಾಯ್ ನದಿ ಗೆರೆಯ ಉತ್ತರಕ್ಕೆ. ದಕ್ಷಿಣದ ವುಹಾನ್‌ನಲ್ಲಿ ಹೊರಗೆ ಚಳಿ ಕಮ್ಮಿ, ರೂಮೊಳಗೆ ಜಾಸ್ತಿ. ದಪ್ಪ ಜಾಕೆಟ್ ಇಲ್ಲಿಂದ ಹೊರೋದಕ್ಕಿಂತ ಅಲ್ಲೇ ಕೊಳ್ಳೋದು ಜಾಣತನ. ಆ ತೂಕದಲ್ಲಿ ಮಾತ್ರೆಗಳನ್ನ ಡಾಕ್ಟರ್ ಚೀಟಿ ಸಮೇತ ಒಯ್ಯಿರಿ.

ಮತ್ತೆ ಒಂದು ಹಾಳೆ. ಕಾಲೇಜಿನ ಹೆಸರು, ಗೇಟಿನ ವಿಳಾಸ, ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯ ಫೋನ್ ನಂಬರ್, ಮೂರನ್ನೂ ಚೀನೀ ಅಕ್ಷರದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶರ್ಟ್ ಜೇಬಲ್ಲಿಡಿ. ವಿಮಾನ ರಾತ್ರಿ ಇಳಿದು, ನೆಟ್ ಸಿಗದೆ, ಫೋನ್ ಚಾರ್ಜ್ 4 ಪರ್ಸೆಂಟ್ ಇರುವಾಗ ಟ್ಯಾಕ್ಸಿಯವರಿಗೆ ತೋರಿಸೋಕೆ ಆ ಹಾಳೆ ಇರುತ್ತೆ.